ಬೆಳ್ಳಂದೂರಿಗೆ ಹೊತ್ತೊಯ್ದ ನಾಲ್ಕು ತಳಿ ಟೀ ಸಸಿ

೧೯೯೪ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟೆ. ಅಂದಿನಿಂದ ಮಣ್ಣಿನ ಕೆಲಸ. ಈಗ ಚಿಕ್ಕಬಾಣಾವರದಲ್ಲಿ ನನ್ನದೇ ನರ್ಸರಿ. ನಾನು ನೆಟ್ಟ ಕಡ್ಡಿ ಚಿಗುರದೆ ಹೋದದ್ದು ಕಡಿಮೆ. ಅದನ್ನು ಕೇಳಿಯೇ ಬೆಳ್ಳಂದೂರಿನ ಟೀ ಕಂಪನಿಯೊಂದರ ಗಿರಿಜಾ ಮೇಡಂ ಐದು ತಿಂಗಳ ಹಿಂದೆ ನಾಲ್ಕು ತಳಿಯ ಕಡ್ಡಿ ಕೊಟ್ಟಿದ್ದರು. ಚೆನ್ನಾಗಿ ಬೇರು ಬಿಟ್ಟ ತಳಿ ಅವರ ತೋಟಕ್ಕೆ, ಅದರ ಸಸಿ ಮಾಡುವ ಕೆಲಸ ನನಗೆ. ಯಾವುದೂ ಬೇರು ಬಿಡದಿದ್ದರೆ ಕೆಲಸವೂ ಇಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಹನ್ನೆರಡು ಸಸಿಗಳನ್ನು ಎರಡು ಕ್ರೇಟಿನಲ್ಲಿಟ್ಟು ಬಸ್ ಹತ್ತಿದೆ. ತಳಿಗೊಂದು ಬಣ್ಣದ ದಾರ ಕಟ್ಟಿದ್ದೆ. ಕೆಂಪು ದಾರದ್ದರ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ನೀಲಿಯದು ಗಿಡ್ಡ; ತೋರಿಸಲೂ ನಾಚಿಕೆ.

ಜಾಲಹಳ್ಳಿಯಲ್ಲಿ ಬಸ್ ಬದಲಿಸಿದಾಗ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. ಟೀ ಗಿಡ ಎಂದಾಗ ನಕ್ಕರು: “ಬೆಂಗಳೂರಲ್ಲಿ ಟೀ ಬೆಳೆಯೋ ಹಾಗಿದ್ರೆ ನಮ್ಮ ಡಿಪೋ ಕ್ಯಾಂಟೀನಲ್ಲಿ ಟೀ ಅಂತ ಬಿಸಿನೀರು ಯಾಕಣ್ಣ ಕುಡೀತಿದ್ವಿ?” ನನಗೆ ನಗು ಬರಲಿಲ್ಲ. ಹೆಬ್ಬಾಳದಲ್ಲಿ ಇನ್ನೊಂದು ಬಸ್. ಮಾರತ್ತಹಳ್ಳಿಯ ಟ್ರಾಫಿಕ್‌ನಲ್ಲಿ ಅದು ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿತು. ಬಿಸಿಲಿಗೆ ಎಲೆಗಳು ಜೋತುಬಿದ್ದವು. ಕುಡಿಯುವ ನೀರಿನಲ್ಲಿ ಟವೆಲ್ ನೆನೆಸಿ ಹೊದಿಸಿದೆ.

ಕಂಪನಿಯ ಟೆರೇಸಿನಲ್ಲಿ ಮೇಡಂ ಬ್ಲೇಡಿನಿಂದ ಸಸಿಗಳ ಪ್ಲಾಸ್ಟಿಕ್ ಚೀಲ ಸೀಳಿ, ಬಕೆಟ್ಟಿನಲ್ಲಿ ಮಣ್ಣು ತೊಳೆದರು. ಕೆಂಪು ದಾರದ ಮೂರಕ್ಕೂ ಬುಡದಲ್ಲಿ ದಪ್ಪ ಗಂಟು. ಬೇರು ಒಂದೂ ಇಲ್ಲ. ಉಳಿದೆರಡು ತಳಿಗೆ ಅಲ್ಲೊಂದು ಇಲ್ಲೊಂದು ಎಳೆ. ನೀಲಿಯದರಲ್ಲಿ ಬಿಳಿ ಬೇರು ಗೊಂಚಲು ಗೊಂಚಲು. ನೀಲಿ ಪಾಸು ಎಂದು ಬರೆಯಲು ಅವರು ಪೆನ್ನು ತೆಗೆದರು.

ಎಲ್ಲ ತಳಿಗೂ ಒಂದೇ ನೀರು ಹಾಕಬೇಕು ಎಂದು ಅವರು ಮೊದಲೇ ಹೇಳಿದ್ದರು. ಕೆಂಪು ಸಾಲು ನನ್ನ ಮೆಚ್ಚಿನದು, ದಿನಾ ಎರಡು ಸಲ ಬೋರ್‌ವೆಲ್ ನೀರು ಬಿಟ್ಟಿದ್ದೆ; ನಡುವಿನ ಎರಡು ಸಾಲಿಗೆ ಒಂದೇ ಸಲ. ಕೊನೆಯಲ್ಲಿದ್ದ ನೀಲಿ ಸಾಲಿಗೆ ಪೈಪ್ ಮುಟ್ಟುತ್ತಿರಲಿಲ್ಲ. ಹೆಂಡತಿ ಜಯಮ್ಮ ಡ್ರಮ್ಮಿನ ಮಳೆನೀರು ಹಾಕುತ್ತಿದ್ದಳು. ಸುಮ್ಮನಿದ್ದರೆ ಕೆಲಸ ನನ್ನದೇ.

“ಬರೀಬೇಡಿ ಮೇಡಂ,” ಎಂದು ಎಲ್ಲ ಹೇಳಿದೆ.

ಅವರು ಪೆನ್ನು ಮುಚ್ಚಿದರು. “ನಿಮ್ಮ ಬೋರ್‌ನೀರಲ್ಲಿ ಸುಣ್ಣ ಜಾಸ್ತಿ ಕಣ್ರೀ, ಟೀಗೆ ಆಗಲ್ಲ. ಇಲ್ಲಿ ಪಾಸಾಗಿರೋದು ತಳಿ ಅಲ್ಲ, ನಿಮ್ಮ ಮನೆಯವರ ನೀರು.”

ಟೆರೇಸಿನ ತಾಯಿಗಿಡಗಳಿಂದ ಹೊಸ ಕಡ್ಡಿ ಕತ್ತರಿಸಿಕೊಟ್ಟರು. ಹೊಸಕೋಟೆಯ ಇನ್ನೊಂದು ನರ್ಸರಿಗೂ ಅಷ್ಟೇ ಕೊಡುವುದಾಗಿ, ಯಾರ ಕಡ್ಡಿ ಚೆನ್ನಾಗಿ ಬೇರು ಬಿಡುತ್ತದೋ ಅವರಿಗೇ ಕೆಲಸ ಎಂದು ಹೇಳಿದರು.

ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸಂಜೆಯೊಳಗೆ ಮನೆ ಸೇರಿದೆ. ವಿಷಯ ಕೇಳಿ ಜಯಮ್ಮ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಳು. ಮಳೆಗೆ ಇನ್ನೂ ಎರಡು ತಿಂಗಳಿದೆ. ಈಗ ನನ್ನಲ್ಲಿರುವುದು ನಾಲ್ಕು ತಳಿ, ನಲವತ್ತು ಕಡ್ಡಿ, ಅರ್ಧ ಡ್ರಮ್ ಮಳೆನೀರು.