ವೈಟ್‌ಫೀಲ್ಡಿನಿಂದ ಇರಾನಿಗೆ ಹೇಳಿಕಳಿಸಿದ ಮಾತು

ಮೊನ್ನೆ ಮಂಗಳವಾರ ದೇವರಿಗೆ ದೀಪ ಹಚ್ಚಿ, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ರಾಜಗೋಪಾಲನಗರದಿಂದ ಹೊರಟೆ. ನಮ್ಮವರು ಪೀಣ್ಯದಲ್ಲಿ ಫಿಟ್ಟರ್ ಆಗಿದ್ದವರು. ಕಳೆದ ವರ್ಷ ಮಗುವಿನ ನಾಮಕರಣ ಮುಗಿಸಿ ಇರಾನಿಗೆ ಹೋದರು. ಇಸ್ಫಹಾನ್ ಎಂಬ ಊರಿನ ಬಟ್ಟೆ ಗಿರಣಿಯಲ್ಲಿ ಯಂತ್ರ ಕೂರಿಸುವ ಕೆಲಸ. ಅಲ್ಲಿನ ಜನ ರಾಜನ ಮೇಲೆ ತಿರುಗಿಬಿದ್ದರು, ಇವರ ಕಾಗದ ನಿಂತುಹೋಯಿತು. ದೀಪಾವಳಿಯಿಂದ ಈಚೆಗೆ ಇದ್ದಾರೋ ಇಲ್ಲವೋ ತಿಳಿಯದು. ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ. ಅದೇ ಊರಿನ ಹುಡುಗಿ ಪರ್ವಾನೆ ಎಂಬವಳು ವೈಟ್‌ಫೀಲ್ಡಿನಲ್ಲಿದ್ದಾಳೆ, ಕಾಲೇಜು ಬಿಟ್ಟು ಆ ದಿನವೇ ಊರಿಗೆ ಹೊರಡುತ್ತಾಳೆ ಎಂದು ಅವಳ ಜೊತೆ ಓದುವ ಪಕ್ಕದ ಮನೆಯವರ ಮಗಳು ಹೇಳಿದ್ದಳು.

"ಒಬ್ಳೇ ಅಷ್ಟು ದೂರ ಹೋಗ್ತೀಯೇನೇ?" ಅಂದರು ಅತ್ತೆ.

"ನಿಮ್ಮ ಮಗ ಸಮುದ್ರ ದಾಟಿ ಹೋಗಿದ್ದಾರೆ. ನಾನು ಬೆಂಗಳೂರು ದಾಟೋಕಾಗಲ್ವಾ?" ಅಂದೆ.

ಮೆಜೆಸ್ಟಿಕ್‌ವರೆಗೆ ನಿಂತೇ ಹೋದೆ. ಅಲ್ಲಿಂದ ವೈಟ್‌ಫೀಲ್ಡ್ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಸ್ವಾಮಿಯ ದಯೆ. ಟಿಕೆಟ್ಟು ಒಂದು ರೂಪಾಯಿಯೊಳಗೇ ಆಯಿತು. ಕೃಷ್ಣರಾಜಪುರ ದಾಟಿದ ಮೇಲೆ ರಾಗಿ ಕಟಾವಾದ ಬೋಳು ಹೊಲ, ಕೆಂಪು ಧೂಳು, ಫೆಬ್ರವರಿಗೇ ಚುರುಗುಟ್ಟುವ ಬಿಸಿಲು. "ನಿದ್ದೆ ಮಾಡ್ಬೇಡಿ ಅಕ್ಕ, ಕೊನೇ ಸ್ಟಾಪಿಗೆ ಹೋಗ್ಬಿಡ್ತೀರಾ," ಎಂದ ಕಂಡಕ್ಟರು. ನಿದ್ದೆ ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಪರ್ವಾನೆ ಇದ್ದ ಹೆಂಚಿನ ಹಳೆಯ ಬಂಗಲೆಯ ಮುಂದೆ ಆಗಲೇ ಟ್ಯಾಕ್ಸಿ ಬಂದು ನಿಂತಿತ್ತು. ಬಾಗಿಲಿಗೆ ಓಡಿದೆ. ಮನೆಯೊಡತಿ ಡೋರಾ ಆಂಟಿ, ಗೌನು ತೊಟ್ಟ ಮುದುಕಿ, ಪಟಪಟ ಕನ್ನಡ ಮಾತಾಡುತ್ತಾರೆ. "ಬಾಮ್ಮ ಬಾ, ಪೆಟ್ಟಿಗೆ ಕಟ್ತಾ ಇದೆ ಮಗು," ಎಂದು ಒಳಗೆ ಕರೆದರು. ನನ್ನ ಮಾತನ್ನು ಪರ್ವಾನೆಗೂ ಅವಳ ಇಂಗ್ಲಿಷನ್ನು ನನಗೂ ಅವರೇ ತಿಳಿಸಿ ಹೇಳಿದರು.

ನಾನು ಕೇಳಿದ್ದು ನೇರವಾಗಿ: "ರಸ್ತೆ, ಕಾರ್ಖಾನೆ ಎಲ್ಲ ಕಟ್ಟಿಸಿದ ರಾಜನಂತೆ. ಅವನನ್ನು ಯಾಕಮ್ಮ ಓಡಿಸಿದಿರಿ?"

ಪರ್ವಾನೆ ಹಗ್ಗ ಬಿಗಿಯುತ್ತಲೇ ಹೇಳಿದಳು. ಕಟ್ಟಿಸಿದ್ದು ನಿಜ. ಆದರೆ ನೆಲದಿಂದ ತೆಗೆಯುವ ಪೆಟ್ರೋಲು ಎಣ್ಣೆಯ ದುಡ್ಡು ಅರಮನೆಯವರಿಗೆ, ದೊಡ್ಡವರಿಗೆ ಹೋಯಿತು. ಹಳ್ಳಿ ಬಿಟ್ಟು ಬಂದ ರೈತರು ಪಟ್ಟಣದ ಅಂಚಿನ ಗುಡಿಸಲು ಸೇರಿದರು. ಬಾಯಿ ಬಿಟ್ಟವರನ್ನು ಗುಪ್ತ ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದರು. ಅವಳ ಸೋದರಮಾವ ಹಾಗೆ ಹೋದವನು ವಾಪಸು ಬರಲಿಲ್ಲ. ಮೊದಲು ಮಸೀದಿಗಳಲ್ಲಿ, ಅಂಗಡಿ ಬೀದಿಗಳಲ್ಲಿ ಜನ ಎದ್ದರು. ಕೊನೆಗೆ ಎಣ್ಣೆ ತೆಗೆಯುವವರೇ ಕೆಲಸ ನಿಲ್ಲಿಸಿದರು. ಬ್ಯಾಂಕು, ಅಂಚೆ, ವಿಮಾನ ಎಲ್ಲವೂ ನಿಂತವು. ಈಗಷ್ಟೇ ಒಂದೆರಡು ವಿಮಾನ ಮತ್ತೆ ಹೊರಟಿವೆಯಂತೆ.

"ನಿಮ್ಮ ಯಜಮಾನರ ಕಾಗದ ನಿಂತಿದ್ದು ಅದಕ್ಕೇ," ಎಂದರು ಆಂಟಿ. ಬೇರೆ ಕಾರಣವೂ ಇರಬಹುದಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಈಗ ಸುಖವಾಗಿದ್ದೀರಾ?" ಎಂದು ಕೇಳಿದೆ.

ಹುಡುಗಿ ಹಗ್ಗಕ್ಕೆ ಕೊನೆಯ ಗಂಟು ಹಾಕಿದಳು. "ಭಯ ಹೋಗಿದೆ. ಇನ್ನೊಂದು ಭಯ ಬರಬಾರದು. ಅದಕ್ಕೇ ಹೋಗ್ತಿದ್ದೀನಿ," ಎಂದಳಂತೆ.

ಗಿರಣಿ ಅವಳಿಗೆ ಗೊತ್ತು. ಅಣ್ಣನನ್ನು ಕಳಿಸಿ ವಿಚಾರಿಸುತ್ತೇನೆಂದಳು. ಏನು ಹೇಳಬೇಕು ಎಂದು ಕೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. "ಮಗು ಗೋಡೆ ಹಿಡ್ಕೊಂಡು ನಿಲ್ತಾಳೆ. ಕೆಲಸ ಅರ್ಧ ಆದ್ರೂ ಸರಿ, ಬಂದ್ಬಿಡಿ ಅಂತ ಹೇಳು," ಅಂದೆ.

ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅವಳು ಹತ್ತಿ ಕೂತಳು. ಅಷ್ಟರಲ್ಲಿ ಡೋರಾ ಆಂಟಿ ಚೊಂಬಿನ ತುಂಬ ನೀರು ತಂದು ಗಾಡಿಯ ಹಿಂದೆ ಚೆಲ್ಲಲು ಕೈ ಎತ್ತಿದರು. ನಾನು ಹಾರಿಬಿದ್ದು ಅವರ ಕೈ ಹಿಡಿದೆ.

"ಅಯ್ಯೋ, ಬೇಡ! ಹೆಣ ಎತ್ತಿದ ಮೇಲೆ ಬಾಗಿಲಿಗೆ ನೀರು ಹಾಕೋದು ಕಣ್ರೀ! ಹೋಗೋ ಮಗೂಗೆ ಯಾರಾದ್ರೂ ಹಾಕ್ತಾರಾ?"

"ಇವಳೇ ಹೇಳಿಕೊಟ್ಟಿದ್ದು! ಕೈ ಬಿಡಮ್ಮ, ಚೆಲ್ಲಿಹೋಗ್ತದೆ!"

ಗಲಾಟೆ ಕೇಳಿ ಪರ್ವಾನೆ ಇಳಿದು ಬಂದಳು. ಅವರ ಕಡೆ ಹೋಗುವವರ ಹಿಂದೆ ತಾಯಿ ನೀರು ಚೆಲ್ಲುತ್ತಾಳಂತೆ. ನೀರು ಹರಿದಷ್ಟು ಸಲೀಸಾಗಿ ಹೋದವರು ತಿರುಗಿ ಬರಲಿ ಅಂತ. ಮಾವನನ್ನು ಎಳೆದುಕೊಂಡು ಹೋದಾಗ ಚೆಲ್ಲಲು ಯಾರಿಗೂ ಪುರುಸೊತ್ತು ಸಿಗಲಿಲ್ಲವಂತೆ. ಚೊಂಬನ್ನು ಆಂಟಿಯ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟಳು. "ಅಮ್ಮ, ನೀವು," ಅಂದಳು, ಕನ್ನಡದಲ್ಲೇ.

ಚೊಂಬನ್ನು ಎರಡೂ ಕೈಯಲ್ಲಿ ಹಿಡಿದೆ. ಹುಟ್ಟಿದಂದಿನಿಂದ ಅಪಶಕುನವೆಂದು ಕಲಿತದ್ದು. ನಾನು ಹಾಕಿ, ಅವಳಿಗೇನಾದರೂ ಆದರೆ? ಹಾಕದೆ, ಆದರೆ? ಸ್ವಾಮಿ, ಎರಡು ಊರಿನ ಶಾಸ್ತ್ರವೂ ನಿನಗೆ ಗೊತ್ತಿದೆ, ಮನಸ್ಸನ್ನು ನೋಡು ಎಂದುಕೊಂಡು, ಅವಳು ಹತ್ತಿ ಗಾಡಿ ಹೊರಟ ಕೂಡಲೇ ಹಿಂದಿನ ಚಕ್ರದ ಜಾಡಿಗೆ ನೀರು ಚೆಲ್ಲಿದೆ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಚೊಂಬಿನಲ್ಲಿ ಅರ್ಧ ನೀರು ಉಳಿದಿತ್ತು.

"ಸಾಕು, ಒಳಗೆ ಬಾಮ್ಮ, ಬಿಸಿಲು," ಎಂದರು ಆಂಟಿ.

ನಮ್ಮವರು ಹೊರಟ ದಿನ ನಾವು ಯಾರೂ ಹಾಕಿರಲಿಲ್ಲ. ರಸ್ತೆಯ ನಡುವಿಗೆ ಹೋಗಿ ನಿಂತು ಉಳಿದದ್ದನ್ನೂ ಚೆಲ್ಲಿದೆ.