ಸಾಯಬೇಕಾದ ಕೋಶಗಳ ಪಾಠ

ಹೋದ ಚಳಿಗಾಲದಲ್ಲಿ ಅವ್ವನ ಕಾಲಿನ ಚರ್ಮ ಒಣಗಿ ಬಿರುಕು ಬಿಟ್ಟಿತ್ತು. ಬಸವಕಲ್ಯಾಣದ ಔಷಧಿ ಅಂಗಡಿಯವನು ಒಂದು ಮುಲಾಮು ಕೊಟ್ಟ. ಮನೆಗೆ ತಂದು ಮುಚ್ಚಳ ತೆಗೆದೆ. ಮೇಣದಂಥ ತೆಳು ವಾಸನೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಸೆರಮೈಡ್’ ಎಂದಿತ್ತು. ಆ ಪದವನ್ನು ನಾನು ಮೊದಲು ಕೇಳಿದ್ದು ಹುಮನಾಬಾದಿನ ಕಾಲೇಜಿನಲ್ಲಿ, ಜೀವಶಾಸ್ತ್ರದ ಮೇಡಂ ಬಾಯಿಂದ... ತೊಂಬತ್ತರ ದಶಕದ ಕೊನೆಯಲ್ಲಿ.

ನಮ್ಮೂರು ಮೋರಖಂಡಿ. ಪಿಯುಸಿ ಓದಲು ಹುಮನಾಬಾದಿನ ಸೋದರಮಾವನ ಮನೆಯಲ್ಲಿದ್ದೆ. ಮೇಡಂ ಮಾಣಿಕನಗರದಿಂದ ಆಟೋದಲ್ಲಿ ಬರುತ್ತಿದ್ದರು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವರು, ತಾಯಿಗೆ ಲಕ್ವ ಹೊಡೆದಾಗ ಅರ್ಧಕ್ಕೇ ಬಿಟ್ಟು ಊರಿಗೆ ಬಂದಿದ್ದರು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕಾಣೆ. ಆದರೆ ಜೀವಕೋಶದ ಪಾಠ ಬಂದರೆ ಸಾಕು, ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ.

ನನ್ನ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಹುಟ್ಟಿನಿಂದಲೇ ಅಂಟಿಕೊಂಡಿವೆ. ನಾನು ಹೊಟ್ಟೆಯಲ್ಲಿದ್ದಾಗ ಸೂರ್ಯಗ್ರಹಣದ ದಿನ ಅವ್ವ ಬದನೆಕಾಯಿ ಹೆಚ್ಚಿದ್ದಳಂತೆ, ಅದಕ್ಕೇ ಹೀಗಾಯಿತು ಎಂದು ಆಯಿ, ಅಂದರೆ ಅಪ್ಪನ ತಾಯಿ, ಬಂದವರಿಗೆಲ್ಲ ಹೇಳುತ್ತಿದ್ದಳು. ಅವ್ವ ಎದುರಾಡಲಿಲ್ಲ. ಅವಳೂ ಅದನ್ನೇ ನಂಬಿದ್ದಳು. ಯಾರ ಮನೆಯಲ್ಲಿ ಬಸುರಿಗೆ ಸೀಮಂತದ ಕುಬುಸ ಮಾಡಿದರೂ ಅವಳು ಹೋಗುತ್ತಿರಲಿಲ್ಲ. ಸ್ವಂತ ತಂಗಿಯ ಕುಬುಸಕ್ಕೂ ಹೋಗದೆ, ತಲೆನೋವೆಂದು ಹೊದ್ದು ಮಲಗಿದ್ದಳು.

ಒಂದು ದಿನ ಪ್ರಯೋಗದ ತರಗತಿಯಲ್ಲಿ ಚಿಮಟ ಹಿಡಿಯಲು ನಾನು ಎಡಗೈ ಚಾಚಿದ್ದನ್ನು ಮೇಡಂ ನೋಡಿದರು. ಓಢಣಿಯಲ್ಲಿ ಮುಚ್ಚಿದ್ದ ಬಲಗೈ ತೋರಿಸಲು ಹೇಳಿದರು. ನಾನು ಗ್ರಹಣದ ಕತೆ ಹೇಳಿದೆ. ಅವರು ನಗಲಿಲ್ಲ. ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಹೇಳಿದರು.

“ಹೊಟ್ಟ್ಯಾಗ ಎಲ್ಲಾರ ಕೈನೂ ಮೊದಲ ಹಿಂಗ ಕೂಡೇ ಇರ್ತದ. ಬೆರಳಿನ ನಡುವಿನ ಕೋಶಗಳು ತಾವಾಗೇ ಸಾಯ್ತಾವ, ಆಗ ಬೆರಳು ಬಿಡ್ತಾವ. ನಿನ್ನ ಕೈಯಾಗ ಅಷ್ಟ ಜಾಗಾದಾಗ ಸಾಯಲಿಲ್ಲ. ಇಷ್ಟೇ ಆಗ್ಯಾದ.”

ಕೋಶಗಳು ಬೇಕೆಂದೇ ಸಾಯುತ್ತವೆ ಎಂಬುದು ನನಗೆ ವಿಚಿತ್ರವಾಗಿ ಕಂಡಿತು. ಸಾಯಬೇಕೆಂದು ಅವಕ್ಕೆ ಹೇಳುವವರು ಯಾರು? ಆಗಲೇ ಅವರು ಸೆರಮೈಡ್ ಹೆಸರು ಹೇಳಿದ್ದು. ಕೋಶದ ಪೊರೆಯಲ್ಲಿ ಅದೊಂದು ಬಗೆಯ ಕೊಬ್ಬು; ಚರ್ಮ ಒಣಗದಂತೆ ಕಾಯುವುದೂ ಅದೇ. ಕೋಶ ಕೆಟ್ಟಾಗ, ಪೆಟ್ಟು ತಿಂದಾಗ ಪೊರೆಯಲ್ಲಿ ಅದು ಹೆಚ್ಚುತ್ತದೆ. ಹೆಚ್ಚಿದಾಗ ಕೋಶ ತನ್ನನ್ನು ತಾನೇ ಮಡಿಚಿಕೊಂಡು, ಚೂರುಚೂರಾಗಿ, ನೆರೆಯ ಕೋಶಗಳಿಗೆ ತೊಂದರೆ ಕೊಡದೆ ಹೋಗಿಬಿಡುತ್ತದೆ. ಅದೇ ಸೆರಮೈಡ್ ಇನ್ನೊಂದು ರೂಪಕ್ಕೆ ತಿರುಗಿತೆಂದರೆ ಕೋಶಕ್ಕೆ ‘ಇನ್ನಷ್ಟು ದಿನ ಬದುಕು’ ಎನ್ನುತ್ತದೆ. ಯಾವುದು ಹೆಚ್ಚಾಯಿತೋ ಅದರ ಮಾತು ನಡೆಯುತ್ತದೆ. ಹೈದರಾಬಾದಿನಲ್ಲಿ ಅವರು ರಕ್ತದ ಕ್ಯಾನ್ಸರಿನ ಕೋಶಗಳಿಗೆ ಸೆರಮೈಡ್ ಹಾಕಿ, ಸಾಯುವುದನ್ನೇ ಮರೆತ ಆ ಕೋಶಗಳು ಕುಗ್ಗಿ ಒಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು.

“ನನ್ನ ಬೆರಳೂ ಸೆರಮೈಡ್ ಕಡಿಮಿಯಾಗಿ ಹಿಂಗಾಗ್ಯಾವೇನ್ರಿ?”

“ಹಂಗಂತ ನಾ ಹೇಳಂಗಿಲ್ಲ. ಕೋಶಕ್ಕ ಸಾಯಾಕ ಹೇಳೋ ದಾರಿ ಭಾಳ ಅವ. ಆದ್ರ ಬದನೀಕಾಯಿ ಅಲ್ಲ, ಅದನ್ನ ಬೇಕಾದ್ರ ಬರದ ಕೊಡ್ತೀನಿ.” ಆಮೇಲೆ ಕೇಳಿದರು, “ನಿಮ್ಮವ್ವಗ ಇದನ್ನ ಯಾರರೆ ಹೇಳ್ಯಾರೇನು?”

ಮುಂದಿನ ಭಾನುವಾರ ತಾಯಿಯನ್ನು ನೆರೆಯವರಿಗೆ ಒಪ್ಪಿಸಿ ಅವರು ನನ್ನೊಡನೆ ಬಸ್ಸು ಹತ್ತಿದರು. ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಮೊದಲು ಮಾತಾಡಿಸಿದ್ದು ಆಯಿಯನ್ನು.

“ಆಯಿ, ಆ ಗ್ರಹಣದ ದಿನ ಊರಾಗ ಮತ್ತ ಯಾರು ಬಸುರಿದ್ರು?”

ಆಯಿ ಉತ್ಸಾಹದಿಂದ ನೆನಪಿಸಿಕೊಂಡಳು. “ನಮ್ಮ ಹೊಲಕ್ಕ ಕೂಲಿ ಬರ್ತಿದ್ದಾಕಿ ಒಬ್ಬಾಕಿ ಇದ್ಲು, ತಂಗಿ. ಅವತ್ತ ಕುಡಗೋಲು ಹಿಡದು ದಿನಾಪೂರಾ ಜ್ವಾಳ ಕೊಯ್ದಾಳ. ಗ್ರಹಣಂತ ಹೇಳಿ ಕೂಲಿ ಬಿಡಾಕ ಆಗ್ತದೇನು?”

“ಆಕಿ ಕೂಸಿನ ಬೆರಳು?”

“ಬರೋಬರಿ ಅವ...” ಎಂದವಳು ಅಲ್ಲಿಗೇ ನಿಂತಳು. ಅಡಿಕೆಲೆ ಚೀಲ ಹುಡುಕತೊಡಗಿದಳು.

ಆಮೇಲೆ ಮೇಡಂ ಅವ್ವನ ಕಡೆ ತಿರುಗಿದರು. ಮರಿಗಪ್ಪೆಯ ಬಾಲ ಹೇಗೆ ಕರಗುತ್ತದೆ, ಬೆರಳು ಹೇಗೆ ಬಿಡುತ್ತವೆ ಎಂದು ಆತುರವಿಲ್ಲದೆ ವಿವರಿಸಿದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದಳು.

“ಹಂಗಾದ್ರ ನನ್ನಿಂದ ಆಗಿದ್ದಲ್ಲೇನ್ರಿ, ಬಾಯಾರ?”

“ಅಲ್ಲ ಅಕ್ಕಾರ. ನಿಮ್ಮಿಂದ ಆಗಿದ್ದಲ್ಲ.”

ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಉಂಡೇ ಹೋಗಬೇಕು ಎಂದಳು, ಅವತ್ತು ಎಂದಿಲ್ಲದ ಹಾಗೆ ಜೋರು ದನಿಯಲ್ಲಿ. ಆ ತಿಂಗಳೇ ಓಣಿಯಲ್ಲೊಂದು ಕುಬುಸವಿತ್ತು. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು, ಬಸುರಿಗೆ ಉಡಿ ತುಂಬಿ ಬಂದಳು. ಆಯಿ ಒಪ್ಪಿದಳೋ ಇಲ್ಲವೋ, ಬದನೆಕಾಯಿಯ ಮಾತು ಮಾತ್ರ ನಮ್ಮ ಮನೆಯಲ್ಲಿ ನಿಂತಿತು.

ನಾನು ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದೆ. ಎರಡು ಸಾವಿರದ ನಂತರದ ವರ್ಷಗಳಲ್ಲಿ ಬಸವಕಲ್ಯಾಣದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ ಪೇಢೆ ತೆಗೆದುಕೊಂಡು ಮಾಣಿಕನಗರದ ಮೇಡಂ ಮನೆಗೆ ಹೋದೆ. ಅವರ ತಾಯಿ ತೀರಿಕೊಂಡಿದ್ದರು. ಮತ್ತೆ ಪ್ರಯೋಗಾಲಯಕ್ಕೆ ಹೋಗುವುದಿಲ್ಲವೇ ಎಂದು ಕೇಳಿದೆ. “ಹೊಸಾ ಹುಡುಗ್ರು ಮಾಡಾಕತ್ತಾರ ಬಿಡು. ನಾ ಇಲ್ಲೇ ಆರಾಮ ಇದ್ದೀನಿ” ಎಂದು ನಕ್ಕರು. ಆ ಸಲ ಸ್ವಲ್ಪ ಸೊರಗಿದಂತೆ ಕಂಡಿದ್ದರು... ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಕೆಲವು ವರ್ಷಗಳ ನಂತರ ಮೇಡಂ ತೀರಿಕೊಂಡರೆಂದು ಹುಮನಾಬಾದಿನ ಮಾವನಿಂದ ಸುದ್ದಿ ಬಂತು. ಆ ಹೊತ್ತಿಗೆ ಮಣ್ಣೂ ಆಗಿತ್ತು.

ಈಗ ಆ ಪಾಠ ನಾನೇ ಹೇಳುತ್ತೇನೆ. ಬಲಗೈಯನ್ನು ಮಕ್ಕಳ ಮುಂದೆ ಚಾಚಿಯೇ ಶುರುಮಾಡುತ್ತೇನೆ. ಈ ವರ್ಷ ಗೋರ್ಟಾದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂರಿ, ಸೆರಮೈಡ್ ಎಷ್ಟು ಹೆಚ್ಚಾದ್ರ ಕೋಶ ಸಾಯಬೇಕಂತ ಯಾರು ಠರಾಸ್ತಾರ್ರಿ?” ಎಂದು ಕೇಳಿದಳು. ಅದನ್ನು ನಿರ್ಧರಿಸುವುದು ಯಾವುದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಮೇಡಂ ಇದ್ದಿದ್ದರೆ ಅವಳನ್ನು ಕರೆದುಕೊಂಡು ಆ ಸಂಜೆಯೇ ಮಾಣಿಕನಗರಕ್ಕೆ ಹೋಗುತ್ತಿದ್ದೆ. ಅವರಿಲ್ಲ. ಕಾಲೇಜು ಬಿಟ್ಟ ಮೇಲೆ ಅವಳೂ ನಾನೂ ಗ್ರಂಥಾಲಯದಲ್ಲಿ ಕೂತು ಹುಡುಕುತ್ತಿದ್ದೇವೆ.