ಏಡಿಯ ಹೊಟ್ಟೆಯ ಮೂರು ಗುರುತು

ಹೋದ ತಿಂಗಳು ಬ್ರಹ್ಮಾವರದ ಒಂದು ಕ್ಲಿನಿಕ್ಕಿನಲ್ಲಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆಗೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೋ ಏನೋ. ನನಗೆ ನೆನಪಾದದ್ದು ಕುಂದಾಪುರ ಬಸ್ ನಿಲ್ದಾಣದ ಹಿಂದಿನ ಓಣಿಯ ವಿಡಿಯೋ ಗೇಮ್ ಅಂಗಡಿ. ಅಲ್ಲಿ ಸ್ಟೂಲಿನ ಮೇಲೆ ಕೂತು, ಹೀಗೇ ಸ್ಪಿರಿಟ್ ಹಾಕಿದ ಹತ್ತಿಯಿಂದ ಗೇಮ್ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಒರೆಸುತ್ತಿದ್ದ ಅಂಗಡಿಯ ಅಕ್ಕ…

ತೊಂಬತ್ತೊಂಬತ್ತನೇ ಇಸವಿ. ನಾನು ಏಳನೇ ಕ್ಲಾಸು. ನಮ್ಮ ಮನೆ ಕೋಟದಲ್ಲಿ, ಅಪ್ಪಯ್ಯನಿಗೆ ದೇವಸ್ಥಾನದಲ್ಲಿ ಕೆಲಸ. ಕುಂದಾಪುರದ ಶಾಲೆ ಬಿಟ್ಟ ಮೇಲೆ ಊರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಕಾಯುವ ನೆಪದಲ್ಲಿ ಆ ಅಂಗಡಿಯ ಬಾಗಿಲಲ್ಲಿ ನಿಂತು ಒಳಗಿನ ಮೂರು ಟಿವಿಗಳನ್ನು ಇಣುಕಿ ನೋಡುತ್ತಿದ್ದೆ. ಒಳಗೆ ಬರೀ ಗಂಡುಹುಡುಗರು. ನಾಲ್ಕನೆಯ ದಿನ ಅಕ್ಕ ಕರೆದರು.

"ಹ್ವಾಯ್ ಹೆಣ್ಣೇ, ಹೊರ್ಗ್ ನಿತ್ಕಂಡ್ ಎಂತ ಕಾಂತೆ? ಒಳ್ಗ್ ಬಾ."

ಆಡುತ್ತಿದ್ದವನ ಕೈಯಿಂದ ರಿಮೋಟ್ ತೆಗೆದು ನನ್ನ ಕೈಗೆ ಕೊಟ್ಟರು. ಅವನು ಮುಖ ಊದಿಸಿಕೊಂಡ. "ನಿಂದ್ ಆಯ್ತಲೆ, ಏಳ್" ಅಂದರು, ಅಷ್ಟೆ. ಆ ಅಂಗಡಿಯಲ್ಲಿ ಅಕ್ಕನ ಮಾತಿಗೆ ಎದುರು ಮಾತು ಇರಲಿಲ್ಲ. ಬೈಗುಳ ಆಡಿದವನಿಗೆ ಆ ವಾರ ಪ್ರವೇಶವಿಲ್ಲ, ಮನೆಪಾಠ ಮುಗಿಸದವನಿಗೂ ಇಲ್ಲ. ಒಮ್ಮೆ ಒಬ್ಬ ಹುಡುಗನ ತಂದೆ ಬಂದು, ಮಕ್ಕಳನ್ನು ಹಾಳು ಮಾಡ್ತೀರಿ ಎಂದು ಕೂಗಾಡಿದರು. ಅಕ್ಕ ಅವರ ಮುಂದೆ ಆ ಹುಡುಗನ ಗಣಿತದ ಪುಸ್ತಕ ತೆರೆದಿಟ್ಟರು. ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ಕೂರಿಸಿ ಮಾಡಿಸಿದ ಲೆಕ್ಕಗಳು. ಅವರು ಪುಸ್ತಕ ಮಡಚಿಟ್ಟು ಹೊರಟುಹೋದರು.

ಅಕ್ಕ ತ್ರಾಸಿಯವರು, ಮೀನುಗಾರರ ಮನೆಯವರು. ಮದುವೆಯಾಗಿ ಮುಂಬೈಗೆ ಹೋಗಿ ಹದಿನಾಲ್ಕು ವರ್ಷ ಇದ್ದು, ಒಬ್ಬರೇ ಊರಿಗೆ ವಾಪಸಾದವರು. ಅಲ್ಲಿ ಹೊರದೇಶದ ಆಟಿಕೆ ತರಿಸುವ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರಂತೆ. ಡಬ್ಬಿ ಹರಿದ ಆಟಿಕೆಗಳನ್ನು ಕೆಲಸದವರಿಗೆ ಕೊಟ್ಟುಬಿಡುತ್ತಿದ್ದರು. ಹಾಗೆ ಬಂದವು ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಪ್ರಾಣಿಗಳು. ಆಮೆ, ಹಂದಿ, ಗಿಡುಗ, ಚೇಳು… ಎಲ್ಲಕ್ಕೂ ಯುದ್ಧಕ್ಕೆ ಹೊರಟಂತೆ ಕವಚ. ಒಟ್ಟು ಇಪ್ಪತ್ತನಾಲ್ಕರ ಸೆಟ್ಟು. ಕಪಾಟಿನಲ್ಲಿದ್ದದ್ದು ಇಪ್ಪತ್ತಮೂರು. ಎರಡನೇ ಸಾಲಿನಲ್ಲಿ ಒಂದು ಜಾಗ ಖಾಲಿ.

ನಾವು ಆಡುತ್ತಿದ್ದ ಆಟವೂ ಅವುಗಳದ್ದೇ. ಗೋಡೌನಿನಲ್ಲಿ ಕೇಳಿದ ಅದರ ಚರಿತ್ರೆಯನ್ನು ಅಕ್ಕ ತಮ್ಮ ಮನೆತನದ ಕತೆಯ ಹಾಗೆ ಹೇಳುತ್ತಿದ್ದರು. ಮೊದಲು ಬಂದದ್ದು ಬರೀ ಗೊಂಬೆ. ಮಕ್ಕಳು ನಾಲ್ಕೈದು ಕೊಂಡು ಸುಮ್ಮನಾಗಿಬಿಟ್ಟರು. ಆಗ ಕಂಪೆನಿಯವರು ಒಂದು ವಿಡಿಯೋ ಗೇಮ್ ಮಾಡಿದರು, ಅದರಲ್ಲಿ ಹನ್ನೆರಡೇ ಪ್ರಾಣಿ. ಅದು ಓಡಿತು. ಎರಡನೆಯ ಗೇಮಿನಲ್ಲಿ ಇಪ್ಪತ್ತನಾಲ್ಕನ್ನೂ ತಂದರು. "ಬೊಂಬಿ ಮಾರೂಕೆ ಆಟ, ಆಟ ಗೆಲ್ಲೂಕೆ ಬೊಂಬಿ. ಕಂಪೆನಿಯವ್ರ್ ಬುದ್ವಂತ್ರ್ ಮಾರಾಯ್ತಿ" ಎಂದು ನಗುತ್ತಿದ್ದರು. ಕಡೆಗೆ ಮಕ್ಕಳು ಗೊಂಬೆ ಬಿಟ್ಟು ಆಟವನ್ನೇ ಹಿಡಿದರು, ಗೊಂಬೆ ಮಾಡುವುದೇ ನಿಂತುಹೋಯಿತು.

ಆಟ ಗೆಲ್ಲಲು ಗೊಂಬೆ ಏಕೆ ಬೇಕು ಎಂಬುದು ಮಾತ್ರ ಅಕ್ಕನಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಅಕ್ಷರ ನಮಗ್ಯಾರಿಗೂ ಓದಲು ಬಾರದ ಜಪಾನಿ. ಪ್ರತಿ ಹಂತದ ಕೊನೆಗೂ ಒಂದು ಕಲ್ಲಿನ ಬಾಗಿಲು, ಅದರ ಮೇಲೆ ಯಾವುದೋ ಪ್ರಾಣಿಯ ನೆರಳು, ಕೆಳಗೆ ಹನ್ನೆರಡು ಗುರುತು. ಅವುಗಳಲ್ಲಿ ಮೂರನ್ನು ಸರಿಯಾದ ಕ್ರಮದಲ್ಲಿ ಒತ್ತಬೇಕು. ತಪ್ಪಿದರೆ ಆಟ ಮೊದಲಿಂದ. ಹುಡುಗರು ಅಂದಾಜಿಗೆ ಒತ್ತಿ ಒತ್ತಿ ಮೂರನೆಯ ಬಾಗಿಲಲ್ಲೇ ಸೋತು ಕೂತಿದ್ದರು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದಾಗ ಅಕ್ಕ ಗೊಂಬೆಗಳನ್ನೆಲ್ಲ ಹೊರಗಿಟ್ಟು ಧೂಳು ಒರೆಸುತ್ತಿದ್ದರು. ಆಮೆ ಮಗುಚಿ ಬಿದ್ದಿತ್ತು. ಅದರ ಹೊಟ್ಟೆಯ ಮೇಲೆ ಸಾಸಿವೆ ಗಾತ್ರದ ಮೂರು ಕೆತ್ತನೆ. ಬೆಂಕಿ, ಎಲೆ, ಕಣ್ಣು. ನಾನು ಕಿರುಚಿದೆ. "ಅಕ್ಕಾ, ಗುರ್ತ್ ಇಲ್ಲಿತ್ತ್ ಕಾಣಿ!"

ಅಂದು ಮಧ್ಯಾಹ್ನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಒಬ್ಬ ಆಡುವುದು, ನಾನು ಗೊಂಬೆ ಮಗುಚಿ ಗುರುತು ಕೂಗುವುದು. ಅಕ್ಕ ಬೇರೆ ಎರಡೂ ಟಿವಿ ಆರಿಸಿ ಎಲ್ಲರನ್ನೂ ಒಂದೇ ಕಡೆ ಕೂರಿಸಿದರು. ಕೊನೆಯ ಬಾಗಿಲು ಬಂತು. ಅದರ ಮೇಲೆ ಏಡಿಯ ನೆರಳು. ನಾವೆಲ್ಲ ಕಪಾಟಿನ ಆ ಖಾಲಿ ಜಾಗದ ಕಡೆ ತಿರುಗಿದೆವು.

"ಏಡಿ ನನ್ಹತ್ರ ಇಲ್ಲೆ" ಅಂದರು ಅಕ್ಕ. "ಮಗಳ್ ಹತ್ರ ಇತ್."

ಅಕ್ಕನಿಗೆ ಮಗಳಿದ್ದಾಳೆಂದು ನಮಗೆ ಗೊತ್ತಾದದ್ದೇ ಆಗ. ಮುಂಬೈಯಲ್ಲಿ ಅಪ್ಪನ ಜೊತೆ ಇದ್ದಳು, ನನ್ನದೇ ಪ್ರಾಯ. ಗೊಂಬೆಗಳನ್ನು ಜೋಡಿಸಿದ್ದು ತಾಯಿ ಮಗಳು ಸೇರಿ. ಅಕ್ಕ ಮನೆ ಬಿಡುವಾಗ ಮಗಳು ಬರುವುದಿಲ್ಲ ಎಂದಳಂತೆ. ಏಡಿ ಒಂದನ್ನು ಮುಷ್ಟಿಯಲ್ಲಿ ಹಿಡಿದು ಉಳಿದದ್ದನ್ನೆಲ್ಲ ತಗಂಡ್ ಹೋಗು ಅಂದಿದ್ದಳಂತೆ.

"ಫೋನ್ ಮಾಡಿ ಕೇಣಿ ಅಕ್ಕಾ" ಅಂದೆ.

"ಎರಡ್ ಸಲ ಮಾಡಿದ್ದೆ. ಫೋನಿಗೇ ಬರ್ಲಿಲ್ಲ." ಹತ್ತಿ ಹಿಡಿದ ಅಕ್ಕನ ಕೈ ನಿಂತಿತ್ತು. ಯಾರಿಗೂ ಜಗ್ಗದ ಅಕ್ಕ ಅಂದು ನಮ್ಮ ಮುಖ ನೋಡದೆ ಮಾತಾಡಿದರು.

"ನಾ ಕೇಣ್ತೆ" ಅಂದೆ. ಹನ್ನೆರಡು ವರ್ಷದವಳ ಧೈರ್ಯ ಅದು. ನನಗೆ ಬೇಕಿದ್ದದ್ದು ಬಾಗಿಲು ತೆರೆಯುವುದು, ಅಷ್ಟೇ.

ಪಕ್ಕದಲ್ಲೇ ಎಸ್‌ಟಿಡಿ ಬೂತು. ನಂಬರನ್ನು ಅಕ್ಕ ಬಾಯಿಪಾಠ ಹೇಳಿದರು. ಆ ಕಡೆ ಎತ್ತಿದ್ದು ಮಗಳೇ. ಯಾರು ಎಂದು ಮರಾಠಿಯಲ್ಲಿ ಕೇಳಿದಳು. ನಾನು ಒಂದೇ ಉಸಿರಿಗೆ ಆಟ, ಬಾಗಿಲು, ಆಮೆಯ ಹೊಟ್ಟೆ ಎಲ್ಲ ಹೇಳಿ, ಏಡಿ ಇದೆಯಾ ಎಂದೆ. ಈಗ ಅವಳು ಕನ್ನಡದಲ್ಲಿ ಕೇಳಿದಳು.

"ಅಮ್ಮ ಅಲ್ಲೇ ಇದ್ಲಾ?"

"ಹೌದ್."

"ಅಮ್ಮಂಗೆ ಕೊಡ್. ಅಮ್ಮಂಗೇ ಹೇಳ್ತೆ."

ರಿಸೀವರ್ ಕೊಟ್ಟು ಹೊರಗೆ ಬಂದೆ. ಗಾಜಿನಾಚೆ ಅಕ್ಕ ಪೆನ್ನಿನಿಂದ ಅಂಗೈಯಲ್ಲಿ ಏನೋ ಬರೆದುಕೊಂಡದ್ದು ಕಂಡಿತು. ಗುರುತು ಸಿಕ್ಕಿತ್ತು. ಆದರೆ ಅಕ್ಕ ಹೊರಗೆ ಬರಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು, ಕೇಳುತ್ತಾ ನಿಂತಿದ್ದರು. ಅಂಗಡಿಯಲ್ಲಿ ಅಷ್ಟೂ ಹುಡುಗರು ನಿಲ್ಲಿಸಿಟ್ಟ ಆಟದ ಮುಂದೆ ಕಾದು ಕೂತಿದ್ದರು. ಕರೆಯೋಣ ಎಂದು ಯಾರೂ ಅನ್ನಲಿಲ್ಲ. ನನ್ನ ಬಸ್ಸು ಹೋಯಿತು…

ಅಕ್ಕ ಬಂದು ಅಂಗೈ ತೋರಿಸಿದರು. ಅಲೆ, ಚಂದ್ರ, ಬಾಣ. ಬೆವರಿಗೆ ಅರ್ಧ ಅಳಿಸಿತ್ತು. ಬಾಗಿಲು ತೆರೆಯಿತು. ಒಳಗೆ ಇಪ್ಪತ್ತನಾಲ್ಕು ಪ್ರಾಣಿಗಳೂ ಸಾಲಾಗಿ ನಿಂತು ತಲೆಬಾಗಿದವು, ಆಟ ಮುಗಿಯಿತು. "ಇಷ್ಟೇಯಾ?" ಎಂದ ಒಬ್ಬ. ಅಕ್ಕ ನಕ್ಕರು, ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ನಕ್ಕರು. ಆಮೇಲೆ ನನ್ನನ್ನು ಮುಂದಿನ ಬಸ್ಸಿಗೆ ಹತ್ತಿಸಿ, ಕೋಟದಲ್ಲಿ ಇಳಿಸಲು ಕಂಡಕ್ಟರನಿಗೆ ಎರಡೆರಡು ಸಲ ಹೇಳಿದರು.

ಆಮೇಲೆ ಪ್ರತಿ ಭಾನುವಾರ ಆ ಬೂತಿಗೆ ಮುಂಬೈಯಿಂದ ಫೋನು ಬರತೊಡಗಿತು. ಮೇ ತಿಂಗಳಲ್ಲಿ ಮಗಳು ರೈಲಿನಲ್ಲಿ ಬಂದಳು. ಏಡಿಯನ್ನೂ ತಂದಿದ್ದಳು, ಆದರೆ ಕಪಾಟಿನಲ್ಲಿ ಇಡಲಿಲ್ಲ. ರಜೆ ಮುಗಿದಾಗ ಜೇಬಿನಲ್ಲಿಟ್ಟುಕೊಂಡೇ ವಾಪಸು ಹೋದಳು. ಇಲ್ಲೇ ಬಿಟ್ಟು ಹೋಗಬಹುದಿತ್ತಲ್ಲ ಎಂದು ನಾನು ಅಕ್ಕನನ್ನು ಕೇಳಿದೆ. "ಅವ್ಳಿಗ್ ಬೇಕಾರೆ ಇಡ್ತ್ಲ್. ನಾ ಎಂತಕ್ಕೆ ಕೇಣುದ್?" ಅಂದರು. ಮುಂದಿನ ರಜೆಗೂ ಅವಳು ಬಂದಳು. ಮುಂದಿನದಕ್ಕೂ. ನಾವಿಬ್ಬರೂ ಗೆಳತಿಯರಾದೆವು.

ಕಂಪ್ಯೂಟರ್ ಸೆಂಟರುಗಳು ಬಂದ ಮೇಲೆ ಕ್ಯಾಸೆಟ್ಟು ಕೇಳುವವರು ಇಲ್ಲವಾದರು. ಅಕ್ಕ ಗೋಳಾಡಲಿಲ್ಲ. ಟಿವಿಗಳನ್ನು ಕೊಟ್ಟು ಮೊಬೈಲ್ ರಿಪೇರಿ ಕಲಿತು ಅದೇ ಜಾಗದಲ್ಲಿ ಕೆಲವು ವರ್ಷ ಅದನ್ನು ಮಾಡಿದರು. ಮಗಳಿಗೆ ಮಗುವಾದಾಗ ಬಾಣಂತನಕ್ಕೆಂದು ಮುಂಬೈಗೆ ಹೋದವರು ಅಲ್ಲೇ ಉಳಿದರು.

ಎರಡು ವರ್ಷದ ಹಿಂದೆ ಅಕ್ಕ ತೀರಿಹೋದರು. ಸುದ್ದಿಯನ್ನು ಮಗಳೇ ಫೋನಿನಲ್ಲಿ ಹೇಳಿದಳು. ಈಗ ಆ ಓಣಿಯಲ್ಲಿ ಅಂಗಡಿಯ ಗೋಡೆಯೂ ಉಳಿದಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡು ಬಂದ ಸಂಜೆ ಅವಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ ಅವಳು ಕೇಳಿದಳು:

"ಅಂಗಡಿಲಿ ಕೂತಿದ್ದ ಅಮ್ಮನ ಒಂದ್ ಫೋಟೊ ಇತ್ತಾ ನಿನ್ಹತ್ರ? ಅಲ್ಲಿ ನಾ ಕಂಡದ್ದ್ ರಜೆಗ್ ಬಂದಾಗ ಮಾತ್ರ."

ಇರಲಿಲ್ಲ. ಆಗ ಯಾರ ಕೈಯಲ್ಲಿ ಕ್ಯಾಮೆರಾ ಇತ್ತು? ಹಾಗಾಗಿ ಬಾಯಲ್ಲೇ ಹೇಳಿದೆ. ನೀಲಿ ಹೂವಿನ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೂದಲ ಗಂಟಿಗೆ ಚುಚ್ಚಿದ ಸ್ಕ್ರೂ ಡ್ರೈವರು, ಗದರುವಾಗ ಮೇಲೇಳುತ್ತಿದ್ದ ಎಡ ಹುಬ್ಬು…

"ಇನ್ನೂ ಹೇಳ್" ಅಂದಳು.

ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ಹೇಳಲು ಏನೂ ಉಳಿಯಲಿಲ್ಲ.